ಹಳೆಯ ಪೆಟ್ಟಿಗೆಯಲ್ಲಿ ಹಜ್ ನೋಟು: ಮಾರಿದವರಿಗೂ ಪಾಲು ಕೊಡಬೇಕೇ?

ಕುಡ್ಲದ ಕಾಸು
ನಾನು ಹಳೆಯ ನೋಟು, ನಾಣ್ಯ ಕೂಡಿಡುವ ಹವ್ಯಾಸಿ. ವ್ಯಾಪಾರಿಯಲ್ಲ. ನಮ್ಮ ರಸ್ತೆಯ ಹಂಚಿನ ಮನೆಯೊಂದನ್ನು ಕೆಡವಿ ಫ್ಲ್ಯಾಟು ಕಟ್ಟಲು ಬಿಲ್ಡರಿಗೆ ಕೊಟ್ಟಿದ್ದಾರೆ. ಮನೆ ಖಾಲಿ ಮಾಡುವಾಗ ಆ ಮನೆಯ ಮಗ ನನ್ನನ್ನು ಕರೆದು, ತೀರಿಕೊಂಡ ತಂದೆಯ ತಗಡಿನ ಪೆಟ್ಟಿಗೆ ತೋರಿಸಿದರು. ಒಳಗೆ ತೂತು ಕಾಸು, ಆಣೆಗಳು, ಕೆಲವು ಅರಬ್ ನಾಣ್ಯಗಳು, ಅಂಚೆ ಲಕೋಟೆಗಳು, ಒಂದು ಹಳೆಯ ಬ್ಯಾಂಕ್ ಪಾಸ್‌ಬುಕ್. "ಗುಜರಿಯವನು ಐನೂರು ಹೇಳಿದ್ದಾನೆ. ನಿಮಗೆ ಈ ಹುಚ್ಚು ಇದೆಯಲ್ಲ, ನೀವೇ ತೆಗೆದುಕೊಳ್ಳಿ" ಎಂದರು. ನಾಣ್ಯಗಳನ್ನು ನೋಡಿ ಅಂದಾಜು ಕಟ್ಟಿ ಮೂರೂವರೆ ಸಾವಿರ ಕೊಟ್ಟೆ.

ಮನೆಗೆ ತಂದು ವಿಂಗಡಿಸುವಾಗ ಪಾಸ್‌ಬುಕ್ಕಿನ ರಟ್ಟಿನ ಒಳಗೆ ನೀಲಿ ಬಣ್ಣದ ಹತ್ತು ರೂಪಾಯಿ ನೋಟು ಸಿಕ್ಕಿತು. ಕ್ರಮಸಂಖ್ಯೆಯ ಮೊದಲಿಗೆ ಎಚ್‌ಎ ಎಂಬ ಅಕ್ಷರಗಳು. ಉಡುಪಿಯ ಗೆಳೆಯನಿಗೆ ಫೋಟೋ ಕಳುಹಿಸಿದೆ. "ಇದು ಹಜ್ ನೋಟು ಮಾರಾಯ, ಸುಮ್ಮನೆ ಹರಾಜಿಗೆ ಹಾಕು" ಎಂದ. ಹಾಕಿದೆ. ಹರಾಜಿನವರ ಕಮಿಷನ್ ಕಳೆದು 1,84,000 ರೂಪಾಯಿ ಕೈಗೆ ಬಂತು.

ಹೆಂಡತಿ, "ಅರ್ಧ ಆ ಮನೆಗೆ ಕೊಡಿ" ಎನ್ನುತ್ತಾಳೆ. ಉಡುಪಿಯವನು, "ಅವರಿಗೇನೂ ಕೊಡಬೇಕಾಗಿಲ್ಲ, ಗುರುತಿಸಿದ ನನಗೆ ಕಾಲು ಭಾಗ ಕೊಡು" ಎನ್ನುತ್ತಾನೆ. ಕೊಡುವುದಾದರೂ ಯಾರಿಗೆ ಎಂಬುದು ಬೇರೆ ತಲೆನೋವು. ಮಾರಿದ್ದು ಮಗ. ತೀರಿಕೊಂಡ ಹಾಜಿಯವರ ಪತ್ನಿ ಇದ್ದಾರೆ, ಊರವರೆಲ್ಲ ಉಮ್ಮ ಎಂದೇ ಕರೆಯುವುದು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರಿನಲ್ಲಿದ್ದಾರೆ. ನೀವಾದರೆ ಏನು ಮಾಡುತ್ತಿದ್ದಿರಿ?

ಗುಜರಿ ಗಣಪ
ಐನೂರರ ಮಾಲಿಗೆ ಏಳು ಪಟ್ಟು ಕೊಟ್ಟಿದ್ದೀರಿ. ವ್ಯಾಪಾರ ಮುಗಿಯಿತು. ಮಲಗಿ.

ಮಲೆನಾಡು ಮಳೆ
ಅರ್ಧ ಕೊಡಿ. ಇದರಲ್ಲಿ ಯೋಚಿಸುವುದು ಏನಿದೆ? ಪಕ್ಕದ ಮನೆಯವರು, ನಾಳೆ ಮುಖ ನೋಡಬೇಕಾದವರು.

ಬಯಲುಸೀಮೆ ಬಸವ
ಹಜ್ ನೋಟು ಎಂದರೆ ಏನು ಸ್ವಾಮಿ? ಮೊದಲು ಅದನ್ನು ಹೇಳಿ, ಆಮೇಲೆ ಪಾಲು ಹಂಚೋಣ.

ನೀರುಗುರುತು
@ಬಯಲುಸೀಮೆ ಬಸವ, ಸ್ವಾತಂತ್ರ್ಯದ ನಂತರವೂ ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್ ಕಡೆಯಲ್ಲೆಲ್ಲ ನಮ್ಮ ರೂಪಾಯಿಯೇ ಓಡುತ್ತಿತ್ತು. ಚಿನ್ನದ ಕಳ್ಳಸಾಗಣೆದಾರರು ಇಲ್ಲಿಂದ ನೋಟಿನ ಕಟ್ಟು ಒಯ್ದು ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ನೋಟುಗಳು ರಿಸರ್ವ್ ಬ್ಯಾಂಕಿಗೆ ಹಿಂದಿರುಗಿದಾಗ ಬದಲಿಗೆ ಪೌಂಡು ಕೊಡಬೇಕಾಗುತ್ತಿತ್ತು. ವಿದೇಶಿ ವಿನಿಮಯ ಸೋರುವುದನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿದರು. ಹಜ್ ಯಾತ್ರಿಕರಿಗೆ ಇನ್ನೂ ಪ್ರತ್ಯೇಕವಾಗಿ ಹತ್ತು ಮತ್ತು ನೂರು ರೂಪಾಯಿಯ ನೋಟುಗಳು. ಹತ್ತರದು ನೀಲಿ, ನೂರರದು ಕೆಂಪು. ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಅವರ ಸಹಿ. ಭಾರತದೊಳಗೆ ಅಂಗಡಿಯಲ್ಲಿ ಕೊಟ್ಟರೆ ನಡೆಯುತ್ತಿರಲಿಲ್ಲ. ಮಿಕ್ಕಿದ್ದನ್ನು ಬಹುತೇಕರು ಬದಲಾಯಿಸಿಕೊಂಡಿದ್ದರಿಂದ ಉಳಿದದ್ದು ಕಡಿಮೆ. 2024ರಲ್ಲಿ ಲಂಡನ್ನಿನಲ್ಲಿ ನೂರು ರೂಪಾಯಿಯ ಹಜ್ ನೋಟೊಂದು ಸುಮಾರು 56 ಲಕ್ಷ ರೂಪಾಯಿಗೆ ಹೋದ ಸುದ್ದಿ ನೀವೂ ಓದಿರಬಹುದು.

@ಕುಡ್ಲದ ಕಾಸು, ಪಿನ್ ಹೊಡೆದ ತೂತು ಇತ್ತೇ? ಎಷ್ಟು ಮಡಿಕೆ?

ಕುಡ್ಲದ ಕಾಸು
ನಡುವೆ ಒಂದೇ ಮಡಿಕೆ. ಪಿನ್ ತೂತು ಇಲ್ಲ. ಅಂಚು ಸ್ವಲ್ಪ ಹಳದಿಯಾಗಿತ್ತು, ಅಷ್ಟೇ.

ನೀರುಗುರುತು
ಹಾಗಾದರೆ ಬೆಲೆ ನ್ಯಾಯವಾಗಿಯೇ ಬಂದಿದೆ. ತೊಳೆಯಲು, ಇಸ್ತ್ರಿ ಹಾಕಲು ಹೋಗಲಿಲ್ಲವಲ್ಲ, ಪುಣ್ಯ. ಚೆಂದ ಮಾಡುತ್ತೇನೆಂದು ಹೋಗಿ ಅರ್ಧ ಬೆಲೆ ಕಳೆದವರನ್ನು ನೋಡಿದ್ದೇನೆ.

ಟ್ರ್ಯಾಕ್ಟರ್ ತಮ್ಮಯ್ಯ
ನನ್ನ ಹತ್ತಿರ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ಇದೆ. ಮೊಬೈಲಿನಲ್ಲಿ ಐದು ಲಕ್ಷ ಎಂದು ತೋರಿಸುತ್ತಿದ್ದಾರೆ. ಯಾರಿಗೆ ಮಾರಬೇಕು?

ನೀರುಗುರುತು
@ಟ್ರ್ಯಾಕ್ಟರ್ ತಮ್ಮಯ್ಯ, ಅದನ್ನು ಕೊಟ್ಟು ಎರಡು ಕಾಫಿಯೂ ಕುಡಿಯಲಾಗುವುದಿಲ್ಲ. "ನೋಂದಣಿ ಶುಲ್ಕ ಕಟ್ಟಿ, ಲಕ್ಷ ಕೊಡುತ್ತೇವೆ" ಎಂದು ಯಾರಾದರೂ ಕರೆ ಮಾಡಿದರೆ ಫೋನು ಇಟ್ಟುಬಿಡಿ. ಹಳೆಯ ನೋಟು, ನಾಣ್ಯದ ಮಾರಾಟಕ್ಕೆ ತನ್ನ ಹೆಸರು ಹೇಳಿಕೊಂಡು ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ವಕೀಲರ ಮಗಳು
ನಾನೂ ವಕೀಲಳೇ, ಆದ್ದರಿಂದ ಕಾನೂನಿನ ಕಡೆಯಿಂದ ನೋಡುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 20ನೇ ಕಲಮಿನ ವಿವರಣೆ ಓದಿ: ವಸ್ತುವಿನ ಬೆಲೆಯ ಬಗ್ಗೆ ತಪ್ಪು ಅಂದಾಜು ಇದ್ದರೆ ಅದನ್ನು ಸಂಗತಿಯ ಬಗೆಗಿನ ತಪ್ಪು ತಿಳುವಳಿಕೆ ಎಂದು ಪರಿಗಣಿಸುವಂತಿಲ್ಲ. ಅಂದರೆ ಕಡಿಮೆ ಬೆಲೆಗೆ ಮಾರಿಬಿಟ್ಟೆ ಎಂದು ಒಪ್ಪಂದ ಮುರಿಯಲಾಗದು. 17ನೇ ಕಲಮಿನ ಕೆಳಗಿರುವ ಒಂದು ಉದಾಹರಣೆಯಂತೂ ಇಬ್ಬರು ವ್ಯಾಪಾರಿಗಳದ್ದೇ. ಬೆಲೆ ಬದಲಾದ ಗುಟ್ಟು ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಗೊತ್ತಿರುವವನು ಹೇಳಲೇಬೇಕೆಂದಿಲ್ಲ ಎನ್ನುತ್ತದೆ ಕಾಯ್ದೆ. ಇಲ್ಲಿ ಕೊಂಡವರಿಗೂ ಗೊತ್ತಿರಲಿಲ್ಲ. ಹಾಗಾಗಿ ಮೋಸದ ಮಾತೇ ಬರುವುದಿಲ್ಲ.

ಮಲೆನಾಡು ಮಳೆ
@ವಕೀಲರ ಮಗಳು, ನ್ಯಾಯ ಕೇಳಿದರೆ ಕಲಮು ಹೇಳುತ್ತೀರಿ. ಅದೇ 17ನೇ ಕಲಮಿನಲ್ಲಿ ಅಪ್ಪ ಮಗಳಿಗೆ ಕುದುರೆ ಮಾರುವ ಉದಾಹರಣೆಯೂ ಇದೆಯಲ್ಲ? ಸಂಬಂಧ ಇದ್ದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಸಲ್ಲದು ಎಂದು. ನಾನೂ ಪರೀಕ್ಷೆಗೆ ಓದಿದ್ದೇನೆ, ಪಾಸಾಗಲಿಲ್ಲ ಅಷ್ಟೇ.

ವಕೀಲರ ಮಗಳು
ಸರಿಯಾಗಿ ನೆನಪಿಟ್ಟಿದ್ದೀರಿ, ಪಾಸು ಮಾಡಬೇಕಿತ್ತು. ಆದರೆ ಅಲ್ಲಿ ಕುದುರೆಯ ದೋಷ ಗೊತ್ತಿದ್ದವನು ಮಾರುವವನು, ಸಂಬಂಧ ತಂದೆ-ಮಗಳದ್ದು. ನೆರೆಹೊರೆಗೆ ಅದನ್ನು ಯಾವ ನ್ಯಾಯಾಲಯವೂ ಹಿಗ್ಗಿಸಲಾರದು.

ಗುಜರಿ ಗಣಪ
ನಾನು ನಿಜವಾಗಿಯೂ ಗುಜರಿ ಅಂಗಡಿಯವನೇ, ಹೆಸರಿಗೆ ಮಾತ್ರ ಅಲ್ಲ. ಒಂದು ಮಾತು ಕೇಳುತ್ತೇನೆ. ತಾಮ್ರದ ಹಂಡೆ ಎಂದು ತೂಕ ಹಾಕಿ ತಂದದ್ದು ಒಳಗೆ ಕಬ್ಬಿಣಕ್ಕೆ ತಾಮ್ರದ ಮುಲಾಮು ಬಳಿದದ್ದಾಗಿತ್ತು. ನಷ್ಟವಾಯಿತು. ಮಾರಿದ ಮನೆಯವರು ಅರ್ಧ ನಷ್ಟ ಹಂಚಿಕೊಳ್ಳಲು ಬಂದರೇ? ಫೋನೇ ಎತ್ತಲಿಲ್ಲ. ಪೆಟ್ಟಿಗೆಗಟ್ಟಲೆ ಹಳೆಯ ಪುಸ್ತಕ, ಹಳೆಯ ರೇಡಿಯೋ ತರುತ್ತೇನೆ. ಹೆಚ್ಚಿನವು ಕಿಲೋ ಲೆಕ್ಕದಲ್ಲೇ ಹೋಗುತ್ತವೆ. ಎಲ್ಲೋ ಒಮ್ಮೆ ಒಂದು ಚೆನ್ನಾಗಿ ಬಿದ್ದರೆ ಅದರಿಂದಲೇ ಉಳಿದವುಗಳ ಬಾಡಿಗೆ, ಕೂಲಿ ಹುಟ್ಟಬೇಕು. ನಷ್ಟ ನನ್ನದು, ಲಾಭ ಇಬ್ಬರದು ಎಂದರೆ ಅಂಗಡಿ ಬಾಗಿಲು ಹಾಕುವುದೇ ಸರಿ.

ಮಲೆನಾಡು ಮಳೆ
@ಗುಜರಿ ಗಣಪ, ನಿಮ್ಮ ಮಾತು ನಿಮ್ಮ ಅಂಗಡಿಗೆ ಸರಿ. ಕೇಳಿದವರು ಹವ್ಯಾಸಿ. ಅವರಿಗೆ ಬಾಡಿಗೆ ಇಲ್ಲ, ಕೂಲಿ ಇಲ್ಲ. ಹವ್ಯಾಸವೆಂದು ಹೇಳಿಕೊಂಡು ಒಳಗೆ ಹೋಗಿ, ಲಾಭ ಬಂದ ಕೂಡಲೇ ವ್ಯಾಪಾರಿಯ ನ್ಯಾಯ ಕೇಳುವುದು ಹೇಗೆ?

ಗುಜರಿ ಗಣಪ
ಇದಕ್ಕೆ ಉತ್ತರ ಇದೆ, ಗಿರಾಕಿ ಬಂದಿದ್ದಾನೆ, ಆಮೇಲೆ ಬರೆಯುತ್ತೇನೆ.

ದೇರಾ ದಿನಚರಿ
ದುಬೈಯಿಂದ. ನನ್ನ ಅಜ್ಜ ಭಟ್ಕಳದವರು, ಅರವತ್ತರ ದಶಕದಲ್ಲಿ ಇಲ್ಲಿ ಬಟ್ಟೆ ಅಂಗಡಿಯಲ್ಲಿದ್ದರು. ಸಂಬಳ ಕೊಲ್ಲಿ ರೂಪಾಯಿಯಲ್ಲೇ ಬರುತ್ತಿತ್ತಂತೆ. 1961ರಲ್ಲಿ ಕುವೈತ್ ದಿನಾರ್ ಮಾಡಿಕೊಂಡಿತು, 1965ರಲ್ಲಿ ಬಹ್ರೇನ್. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಅಪಮೌಲ್ಯ ಮಾಡಿದಾಗ ಇಲ್ಲಿಯವರ ಕೈಯಲ್ಲಿದ್ದ ಹಣವೂ ರಾತ್ರೋರಾತ್ರಿ ಕುಗ್ಗಿತು. ಕತಾರ್, ದುಬೈ ಆಗಲೇ ಕೈಬಿಟ್ಟದ್ದು. ಅಜ್ಜ ಸಾಯುವವರೆಗೂ ಅದನ್ನು ಕ್ಷಮಿಸಲಿಲ್ಲ. ಅವರ ಪೆಟ್ಟಿಗೆಯಲ್ಲಿ ಒಂದು ನೋಟು ಕೂಡ ಉಳಿದಿಲ್ಲ, ಎಲ್ಲ ಮೊದಲೇ ಬದಲಾಯಿಸಿಬಿಟ್ಟಿದ್ದರು. ಈ ಚರ್ಚೆ ಓದಿ ನನಗೂ ಕೋಪ ಬರುತ್ತಿದೆ.

ಬಯಲುಸೀಮೆ ಬಸವ
ಅಂದರೆ ಆ ಹಾಜಿಯವರು 1959ರ ನಂತರ ಹಡಗಿನಲ್ಲಿ ಹೋಗಿರಬೇಕು?

ದೇರಾ ದಿನಚರಿ
ಹೌದು, ಮುಂಬಯಿಯಿಂದ ಜೆದ್ದಾಗೆ ಮೊಗಲ್ ಲೈನ್ ಕಂಪನಿಯ ಹಡಗು. ಭಾರತದ ಹಜ್ ಹಡಗು ನಿಂತದ್ದು 1995ರಲ್ಲಿ. ಹೋಗುವವರಿಗೆ ಊರೆಲ್ಲ ಸೇರಿ ಬೀಳ್ಕೊಡುತ್ತಿದ್ದರು, ಅಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತಿದ್ದರು.

ಪರದೇಸಿ ಪಂಡಿತ
ಇದೇ ಜಗಳ ಫ್ರಾನ್ಸಿನಲ್ಲಿ ನ್ಯಾಯಾಲಯ ಹತ್ತಿತ್ತು. 2021ರಲ್ಲಿ ವೃದ್ಧ ದಂಪತಿ ತಮ್ಮ ಮನೆಯ ಮೇಲಿನ ಅಟ್ಟ ಖಾಲಿ ಮಾಡುತ್ತ ಆಫ್ರಿಕಾದ ಮರದ ಮುಖವಾಡವೊಂದನ್ನು ಹಳೆ ಸಾಮಾನಿನ ವ್ಯಾಪಾರಿಗೆ 150 ಯೂರೋಗೆ ಮಾರಿದರು. ಗಂಡನ ಅಜ್ಜ ವಸಾಹತು ಕಾಲದಲ್ಲಿ ಆಫ್ರಿಕಾದಲ್ಲಿ ಅಧಿಕಾರಿಯಾಗಿದ್ದಾಗ ತಂದದ್ದು ಅದು. ಗಬಾನಿನ ಫ್ಯಾಂಗ್ ಜನರ ಮುಖವಾಡ. 2022ರ ಮಾರ್ಚಿನಲ್ಲಿ ಮೋಂಪೆಲಿಯೇ ಹರಾಜಿನಲ್ಲಿ 42 ಲಕ್ಷ ಯೂರೋಗೆ ಹೋಯಿತು. ದಂಪತಿಗೆ ಪತ್ರಿಕೆ ನೋಡಿಯೇ ತಿಳಿದದ್ದು. ವ್ಯಾಪಾರಿ ಮೂರು ಲಕ್ಷ ಯೂರೋ ಕೊಡಲು ಮುಂದೆ ಬಂದಿದ್ದನಂತೆ, ದಂಪತಿಯ ಮಕ್ಕಳು ಬೇಡವೆಂದರು. ಮೊಕದ್ದಮೆ ಹೂಡಿದರು. 2023ರ ಡಿಸೆಂಬರಿನಲ್ಲಿ ಆಲೆಸ್ ನಗರದ ನ್ಯಾಯಾಲಯ, ಮಾರುವ ಮುನ್ನ ಬೆಲೆ ವಿಚಾರಿಸದಿದ್ದುದು ನಿಮ್ಮದೇ ಅಜಾಗರೂಕತೆ ಎಂದು ವ್ಯಾಪಾರಿಯ ಪರ ತೀರ್ಪು ಕೊಟ್ಟಿತು.

ವಕೀಲರ ಮಗಳು
ಗಬಾನ್ ಸರ್ಕಾರವೂ ನಡುವೆ ಬಂದು ಮುಖವಾಡ ನಮ್ಮದು ಎಂದಿತ್ತಲ್ಲ?

ಪರದೇಸಿ ಪಂಡಿತ
ಬಂದಿತ್ತು, ಅದನ್ನೂ ತಳ್ಳಿಹಾಕಿದರು. ನನಗಂತೂ ಅದೇ ದೊಡ್ಡ ಪ್ರಶ್ನೆ. ದಂಪತಿ ಮತ್ತು ವ್ಯಾಪಾರಿ ನಡುವೆ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತ ಕುಳಿತೆವು, ಕೆತ್ತಿದವರ ಊರಿಗೆ ಸೊನ್ನೆ.

ಬಣ್ಣದ ಬುಟ್ಟಿ
ಕೆತ್ತಿದವರ ಮಾತು ಬಂತು, ಅದಕ್ಕೆ ನಾನೂ ಸೇರಿಕೊಳ್ಳುತ್ತೇನೆ. ಚಿತ್ರ ಬರೆದು ಬದುಕುವವಳು. ಮೊದಲ ಮಾರಾಟದಲ್ಲಿ ಚೌಕಟ್ಟಿನ ಖರ್ಚು ಹುಟ್ಟಿದರೆ ಸಾಕು ಎಂಬ ಪರಿಸ್ಥಿತಿ. ಅದೇ ಚಿತ್ರ ಹದಿನೈದು ವರ್ಷದ ಮೇಲೆ ಕೈಬದಲಾಗುವಾಗ ಲಕ್ಷದಲ್ಲಿ ಮಾತು. ಇದಕ್ಕಾಗಿ ಫ್ರಾನ್ಸಿನಲ್ಲಿ 1920ರಲ್ಲೇ ಕಾನೂನು ಬಂತು. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲೂ 1994ರ ತಿದ್ದುಪಡಿಯಲ್ಲಿ 53ಎ ಕಲಮು ಸೇರಿಸಿದ್ದಾರೆ. ಮೂಲ ಚಿತ್ರ, ಶಿಲ್ಪ, ಹಸ್ತಪ್ರತಿ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಪಾಲು, ಗರಿಷ್ಠ ಶೇಕಡಾ ಹತ್ತು. ನನಗೆ ಇವತ್ತಿನವರೆಗೆ ಒಂದು ರೂಪಾಯಿ ಬಂದಿಲ್ಲ, ಮರುಮಾರಾಟವಾದ ಸುದ್ದಿಯನ್ನೇ ಯಾರೂ ಹೇಳುವುದಿಲ್ಲ. ಕಾನೂನಿದ್ದಲ್ಲೇ ಹೀಗೆ, ಇನ್ನು ಇಲ್ಲದಲ್ಲಿ ತಾನಾಗಿ ಕೊಡಲು ಹೊರಟವರನ್ನು ನೀವೆಲ್ಲ ಸೇರಿ ತಡೆಯುತ್ತಿದ್ದೀರಿ!

ಗುಜರಿ ಗಣಪ
@ಬಣ್ಣದ ಬುಟ್ಟಿ, ಚಿತ್ರ ಬರೆದವರು ನೀವು, ಪಾಲು ಕೇಳುವುದು ನ್ಯಾಯ. ಹಜ್ ನೋಟನ್ನು ಆ ಮನೆಯವರು ಬರೆದಿದ್ದಾರೆಯೇ? ಹಾಗಾದರೆ ರಿಸರ್ವ್ ಬ್ಯಾಂಕಿಗೆ ಕಳುಹಿಸಿ ಹತ್ತು ಪರ್ಸೆಂಟು.

ಬಣ್ಣದ ಬುಟ್ಟಿ
ಬರೆದಿಲ್ಲ. ಅರವತ್ತು ವರ್ಷ ಹಾಳಾಗದಂತೆ ಇಟ್ಟುಕೊಂಡಿದ್ದರು. ಮೇಲೆ ಯಾರೋ ಪಿನ್ ತೂತು ಇಲ್ಲದಿದ್ದಕ್ಕೆ ಬೆಲೆ ಬಂತು ಎಂದರಲ್ಲ, ಆ ತೂತು ಹೊಡೆಯದವರು ಯಾರು?

ಅಂಚೆಯಣ್ಣ
ನನ್ನದು ಅಂಚೆಚೀಟಿ. ಇಲ್ಲಿ ಎಲ್ಲರೂ ಮರೆಯುತ್ತಿರುವುದು ಒಂದೇ: ಕೊಳ್ಳುವ ಹೊತ್ತಿಗೆ ಕೊಂಡವರಿಗೆ ಎಷ್ಟು ಗೊತ್ತಿತ್ತು? ಗೊತ್ತಿದ್ದೂ ಮುಖ ಸಪ್ಪೆ ಮಾಡಿಕೊಂಡು, "ಇದಕ್ಕೇನು ಬೆಲೆ ಅಜ್ಜಿ, ಮಕ್ಕಳಿಗೆ ಆಟಕ್ಕೆ ಆಯಿತು" ಎಂದು ಎತ್ತಿಕೊಂಡು ಬರುವವರನ್ನು ಈ ಹವ್ಯಾಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆಮೇಲೆ ಪ್ರದರ್ಶನದಲ್ಲಿ ಅದನ್ನೇ ಸಾಹಸವೆಂದು ಹೇಳಿಕೊಳ್ಳುತ್ತಾರೆ. ಅದು ಕಳ್ಳತನಕ್ಕೆ ಒಂದೇ ಮೆಟ್ಟಿಲು ಕೆಳಗೆ.

ಗಾಂಧೀಜಿಯವರ 1948ರ ಹತ್ತು ರೂಪಾಯಿ ಚೀಟಿ ಗೊತ್ತಲ್ಲ? 15 ಆಗಸ್ಟ್ 1948ರಂದು ಬಂದ ನಾಲ್ಕು ಚೀಟಿಗಳಲ್ಲಿ ದೊಡ್ಡದು, ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದದ್ದು. ಸಾಮಾನ್ಯ ಪ್ರತಿಗೇ ಒಳ್ಳೆಯ ಬೆಲೆ ಇದೆ. ಅದರ ಮೇಲೆ ಸರ್ಕಾರಿ ಬಳಕೆಗೆಂದು 'ಸರ್ವಿಸ್' ಎಂದು ಮುದ್ರೆ ಹೊಡೆದದ್ದು ನೂರೇ ಪ್ರತಿ, ಗವರ್ನರ್ ಜನರಲ್ ಕಚೇರಿಗೆ. ಅಂಥ ನಾಲ್ಕು ಚೀಟಿ ಬಿಡಿಸದೆ ಒಟ್ಟಿಗಿದ್ದ ಪಟ್ಟಿಯೊಂದು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಸುದ್ದಿ ಬಂದ ಮೇಲೆ ಹಳೆಯ ಲಕೋಟೆ ಹಿಡಿದು ನನ್ನ ಬಳಿ ಬಂದವರೆಷ್ಟೋ! ಒಬ್ಬ ನಿವೃತ್ತ ಶಿಕ್ಷಕಿ ತಂದ ಕಟ್ಟಿನಲ್ಲಿ ಸಾಮಾನ್ಯ ಹತ್ತು ರೂಪಾಯಿ ಚೀಟಿಯ ಶುಭ್ರ ಪ್ರತಿ ಇತ್ತು. ಎಲ್ಲಕ್ಕೂ ಸೇರಿ ಎರಡು ಸಾವಿರ ಕೊಟ್ಟರೆ ಸಾಕು ಎಂದರು. ನಾನು ಕ್ಯಾಟಲಾಗು ತೆಗೆದು ಅವರಿಗೇ ತೋರಿಸಿದೆ, ಮಾರುಕಟ್ಟೆಯಲ್ಲಿ ಇಷ್ಟಕ್ಕೆ ಹೋಗುತ್ತದೆ, ನಾನು ಅದರ ಮೂರರಲ್ಲಿ ಎರಡು ಭಾಗ ಕೊಡಬಲ್ಲೆ ಎಂದೆ. ಅವರು ಕೊಡದೆ ಎದ್ದು ಹೋದರು, ಮಗನಿಗೆ ತೋರಿಸುತ್ತೇನೆಂದು!

ಗುಜರಿ ಗಣಪ
ನೋಡಿದಿರಾ?

ಅಂಚೆಯಣ್ಣ
ನೋಡಿದೆ. ಮುಂದಿನ ಸಲವೂ ಹಾಗೆಯೇ ತೋರಿಸುತ್ತೇನೆ. ಆದರೆ ನಾನು ಹೇಳುವುದು, @ಕುಡ್ಲದ ಕಾಸು ಅವರದ್ದು ಆ ಸಾಲಿಗೆ ಸೇರುವುದಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ. ಇಲ್ಲಿ ಋಣವಿಲ್ಲ, ಔದಾರ್ಯವಿದೆ. ಔದಾರ್ಯಕ್ಕೆ ಶೇಕಡಾವಾರು ಕೇಳುತ್ತಾ ಕೂರುವುದು ಏಕೆ? ಮನಸ್ಸಿಗೆ ಬಂದಷ್ಟು ಕೊಡಿ.

ಉಳ್ಳಾಲದ ಅಲೆ
ಎಲ್ಲರೂ ಲಾಭ ಹಂಚುತ್ತಿದ್ದೀರಿ. ಪೆಟ್ಟಿಗೆ ಯಾರದ್ದು ಎಂದು ಒಬ್ಬರೂ ಕೇಳಲಿಲ್ಲ. ನಾನು ಬ್ಯಾರಿ ಮನೆಯ ಹೆಣ್ಣುಮಗಳು, ಅದಕ್ಕೇ ಕೇಳುತ್ತಿದ್ದೇನೆ. ತಂದೆ ತೀರಿಕೊಂಡ ಕ್ಷಣದಿಂದ ಅವರ ಪ್ರತಿ ವಸ್ತುವಿನಲ್ಲಿ ತಾಯಿಗೂ ಹೆಣ್ಣುಮಕ್ಕಳಿಗೂ ಪಾಲು ಇದೆ. ಮಗ ಕರೆದು ಮಾರಿದರಂತೆ. ಆ ಪೆಟ್ಟಿಗೆ ಪೂರ್ತಿ ಅವರದ್ದಾಗಿತ್ತೇ? ಉಮ್ಮನನ್ನು ಕೇಳಿದ್ದರೇ? ಹೆಣ್ಣುಮಕ್ಕಳಿಗೆ ಹೇಳಿದ್ದರೇ?

ಬಯಲುಸೀಮೆ ಬಸವ
ಅಯ್ಯೋ, ಈಗ ಮೊಕದ್ದಮೆ ಶುರು.

ವಕೀಲರ ಮಗಳು
@ಉಳ್ಳಾಲದ ಅಲೆ ಒಳ್ಳೆಯ ಪ್ರಶ್ನೆ ಎತ್ತಿದ್ದಾರೆ. ತನ್ನದಲ್ಲದ್ದನ್ನು ಮಾರಿದರೆ ಕೊಂಡವನಿಗೆ ಹಕ್ಕು ದಾಟುವುದಿಲ್ಲ, ಅದು ಸಾಮಾನ್ಯ ನಿಯಮ. ಆದರೆ 1930ರ ಸರಕು ಮಾರಾಟ ಕಾಯ್ದೆಯ 28ನೇ ಕಲಮು ಒಂದು ವಿನಾಯಿತಿ ಕೊಡುತ್ತದೆ. ಹಲವರ ಒಡೆತನದ ವಸ್ತು ಉಳಿದವರ ಒಪ್ಪಿಗೆಯಿಂದ ಒಬ್ಬರ ವಶದಲ್ಲೇ ಇದ್ದು, ಕೊಂಡವರು ವಿಷಯ ತಿಳಿಯದೆ ಪ್ರಾಮಾಣಿಕವಾಗಿ ಕೊಂಡರೆ ಖರೀದಿ ಗಟ್ಟಿ. ಇಲ್ಲಿ ತಾಯಿಯೂ ಅದೇ ಮನೆಯಲ್ಲಿದ್ದರು, ಆದ್ದರಿಂದ ಪೆಟ್ಟಿಗೆ ಮಗನೊಬ್ಬನ ವಶದಲ್ಲಿತ್ತೇ ಎಂಬುದು ವಾದಕ್ಕೆ ಸಿಗುವ ಸಂಗತಿ. ಮೂರೂವರೆ ಸಾವಿರದ ಪೆಟ್ಟಿಗೆಗೆ ಯಾರೂ ವಾದಿಸುತ್ತಿರಲಿಲ್ಲ. ಈಗ ವಾದಿಸಬಹುದು.

ಗಣಿತ ಮೇಷ್ಟ್ರು
ಕೊಡುವುದು ಅರ್ಧ ಎಂದಿಟ್ಟುಕೊಳ್ಳಿ, 92,000. ಮುಸ್ಲಿಂ ಉತ್ತರಾಧಿಕಾರದ ನಿಯಮದಂತೆ ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು. ಉಳಿದದ್ದರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು. ಉಮ್ಮನಿಗೆ 11,500, ಮಗನಿಗೆ 40,250, ಹೆಣ್ಣುಮಕ್ಕಳಿಗೆ ತಲಾ 20,125. ಕೂಡಿಸಿ ನೋಡಿ, ಸರಿಹೋಗುತ್ತದೆ.

ಉಳ್ಳಾಲದ ಅಲೆ
ಲೆಕ್ಕ ಸರಿ ಮೇಷ್ಟ್ರೇ, ಪ್ರಯೋಗ ತಪ್ಪು. ಅದು ಉತ್ತರಾಧಿಕಾರದ ಹಣವಾದರೆ ಹೀಗೆ ಹಂಚಬೇಕು. ಇವರು ತಮ್ಮ ಇಷ್ಟದಿಂದ ಕೊಡುತ್ತಿದ್ದರೆ ಪೂರ್ತಿ ಉಮ್ಮನ ಕೈಗೆ ಕೊಡಲಿ. ವಿಚಾರಿಸದೆ ಮಾರಿದವರಿಗೇ ಹೆಚ್ಚು ಪಾಲು ಹೋಗುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಲೆಕ್ಕದ ಪುಸ್ತಕ
ತೆರಿಗೆಯ ಕಡೆ ಒಂದು ಮಾತು. ಹತ್ತಿರದ ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ದಾಟಿ ಉಡುಗೊರೆ ಹಣ ಬಂದರೆ ಪಡೆದವರ ಆದಾಯಕ್ಕೆ ಪೂರ್ತಿ ಸೇರುತ್ತದೆ, ದಾಟಿದ ಭಾಗ ಮಾತ್ರವಲ್ಲ. ಉಮ್ಮನಿಗೆ ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಬೀಳದು. ಏನೇ ಆಗಲಿ ನಗದು ಬೇಡ, ಚೆಕ್ಕಿನಲ್ಲಿ ಕೊಟ್ಟು, ಯಾವುದಕ್ಕಾಗಿ ಕೊಟ್ಟದ್ದೆಂದು ಒಂದು ಚೀಟಿ ಬರೆಸಿಕೊಳ್ಳಿ.

ಕುಡ್ಲದ ಕಾಸು
ಎಲ್ಲರಿಗೂ ಧನ್ಯವಾದ. ನಿನ್ನೆ ಮಗನಿಗೆ ಫೋನು ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀವು ಕೊಡುವುದಾದರೆ ನನಗೆ ಕೊಡಿ, ಅಕ್ಕಂದಿರಿಗೆ ಹೇಳುವುದು ಬೇಡ" ಎಂದರು. ಈಗ ಮೊದಲಿಗಿಂತ ಕಷ್ಟವಾಯಿತು.

ಉಳ್ಳಾಲದ ಅಲೆ
ನಾನು ಹೇಳಲಿಲ್ಲವೇ?

ಮಲೆನಾಡು ಮಳೆ
ಇನ್ನು ಮಗನಿಗೆ ಕೊಟ್ಟರೆ ನೀವೂ ಆ ಗುಟ್ಟಿನಲ್ಲಿ ಪಾಲುದಾರ. ನೇರ ಉಮ್ಮನ ಹತ್ತಿರ ಹೋಗಿ.

ಗುಜರಿ ಗಣಪ
ಗಿರಾಕಿ ಹೋದ, ಬಂದೆ. ಉತ್ತರ ಬರೆಯುವ ಅಗತ್ಯವೇ ಇಲ್ಲದಂತೆ ಮಗನೇ ಬರೆದಿದ್ದಾರೆ. ಸುಮ್ಮನಿದ್ದಿದ್ದರೆ ಆ ಮನೆಯಲ್ಲಿ ಜಗಳ ಇರಲಿಲ್ಲ. ಹಣ ಕೊಡಲು ಹೋಗಿ ಅಕ್ಕ-ತಮ್ಮಂದಿರ ನಡುವೆ ಕಡ್ಡಿ ಗೀರಿದ್ದೀರಿ.

ಅಂಚೆಯಣ್ಣ
ಜಗಳಕ್ಕೆ ಹೆದರಿ ಹಣ ಇಟ್ಟುಕೊಳ್ಳುವುದು ತುಂಬಾ ಅನುಕೂಲದ ವಾದ.

ಕಾರ್ಕಳದ ಕಲ್ಲು
ಉಡುಪಿಯ ಗೆಳೆಯನ ವಿಷಯ ಎಲ್ಲರೂ ಬಿಟ್ಟುಬಿಟ್ಟಿರಲ್ಲ! ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎಂದೇ? ಆತ ಗುರುತಿಸದಿದ್ದರೆ ಆ ನೋಟು ಆಲ್ಬಮ್ಮಿನಲ್ಲಿ ಹತ್ತು ರೂಪಾಯಿಯಾಗಿಯೇ ಇರುತ್ತಿತ್ತು.

ನೀರುಗುರುತು
ಎಚ್‌ಎ ಅಕ್ಷರ ಕಂಡರೆ ಯಾವ ಕ್ಯಾಟಲಾಗಿನಲ್ಲೂ ಐದು ನಿಮಿಷದಲ್ಲಿ ಸಿಗುತ್ತದೆ. ಫೋಟೋ ನೋಡಿ ಒಂದು ಸಾಲು ಬರೆದದ್ದಕ್ಕೆ 46,000 ಎಂದರೆ ನಾನು ನಾಳೆಯಿಂದ ಅದೇ ಕೆಲಸ ಮಾಡುತ್ತೇನೆ. ಮನೆ ಮಾರಿಸಿಕೊಟ್ಟ ದಲ್ಲಾಳಿಗೂ ಶೇಕಡಾ ಎರಡು. ಮೊದಲೇ ಮಾತಾಗಿದ್ದರೆ ಮಾತ್ರ ಕಾಲು ಭಾಗ.

ಕಾರ್ಕಳದ ಕಲ್ಲು
ಐದು ನಿಮಿಷ ಕ್ಯಾಟಲಾಗು ನೋಡುವ ಬುದ್ಧಿ ಕೊಂಡವರಿಗೆ ಬರಲಿಲ್ಲವಲ್ಲ. ಗೆಳೆಯನಿಗೆ ಯಾವ ಹರಾಜಿಗೆ ಹಾಕಬೇಕೆಂದೂ ಗೊತ್ತಿತ್ತು. ಆ ತಿಳಿವಳಿಕೆ ಪುಕ್ಕಟೆ ಬಂದದ್ದಲ್ಲ.

ನೀರುಗುರುತು
ಸರಿ, ಶೇಕಡಾ ಐದಕ್ಕೆ ಏರಿಸುತ್ತೇನೆ.

ಟ್ರ್ಯಾಕ್ಟರ್ ತಮ್ಮಯ್ಯ
ನನ್ನ ಟ್ರ್ಯಾಕ್ಟರ್ ನೋಟಿನ ಸಂಖ್ಯೆಯಲ್ಲಿ 786 ಇದೆ. ಅದಕ್ಕಾದರೂ?

ನೀರುಗುರುತು
ಮೂರು ಕಾಫಿ.

ಕುಡ್ಲದ ಕಾಸು
ಕೊನೆಯದಾಗಿ ಆದದ್ದನ್ನು ಹೇಳಿಬಿಡುತ್ತೇನೆ. ಭಾನುವಾರ ಉಮ್ಮ ಈಗಿರುವ ಬಾಡಿಗೆ ಮನೆಗೆ ಹೋದೆ. ದೊಡ್ಡ ಮಗಳೂ ಬಂದಿದ್ದರು. ಹರಾಜಿನವರ ಕಾಗದ ತೋರಿಸಿ ಎಲ್ಲವನ್ನೂ ಹೇಳಿದೆ. ಅರ್ಧ ಕೊಡುತ್ತೇನೆ ಎಂದಾಗ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಉಮ್ಮ ಕನ್ನಡಕ ಹಾಕಿಕೊಂಡು ಕಾಗದ ಓದಿಸಿ ಕೇಳಿ, "ಅರ್ಧ ಏಕೆ?" ಎಂದರು.

ಅವರ ವಾದ ಹೀಗಿತ್ತು. ನೀನು ಕೊಟ್ಟದ್ದು ಪೆಟ್ಟಿಗೆಗೆ. ನೋಟು ಇದೆ ಎಂದು ನಿನಗೂ ಗೊತ್ತಿಲ್ಲ, ನನ್ನ ಮಗನಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅವನು ಮಾರಲಿಲ್ಲ, ನೀನು ಕೊಳ್ಳಲಿಲ್ಲ. ಹಾಗಾದರೆ ನೋಟು ನನ್ನ ಯಜಮಾನರದ್ದೇ. ನಿನ್ನ ಓಡಾಟಕ್ಕೆ, ಶ್ರಮಕ್ಕೆ ಎಷ್ಟು ಬೇಕೋ ಇಟ್ಟುಕೊಂಡು ಉಳಿದದ್ದು ಕೊಡು. ಹಿಂದೆ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸರ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರು. ಎಲೆ ಕಡಿಮೆ ಬಂದರೆ ಕಂಟ್ರಾಕ್ಟರನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದ್ದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ.

ಅರ್ಧ ಗಂಟೆ ಮಾತಾಯಿತು. ಕೊನೆಗೆ ಅವರಿಗೆ 1,10,000, ಚೆಕ್ಕಿನಲ್ಲಿ, ಅವರ ಹೆಸರಿಗೇ. ಉಡುಪಿಯವನಿಗೆ ಹತ್ತು ಸಾವಿರ. ಮಗ ನನ್ನೊಡನೆ ಮಾತು ಬಿಟ್ಟಿದ್ದಾರೆ. ಉಡುಪಿಯವನೂ ಎರಡು ದಿನದಿಂದ ಸಂದೇಶಕ್ಕೆ ಉತ್ತರಿಸಿಲ್ಲ.

ವಕೀಲರ ಮಗಳು
ಆ ಅಜ್ಜಿಯ ವಾದ ಸುಳ್ಳಲ್ಲ! ಮಾರಿದ ಮೇಜಿನ ಗುಪ್ತ ಖಾನೆಯಲ್ಲಿ ಹಣ ಸಿಕ್ಕರೆ ಅದು ಮೇಜಿನ ಜೊತೆ ಮಾರಾಟವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ನಾನು ಬೆಲೆಯ ತಪ್ಪು ಅಂದಾಜು ಎಂದುಕೊಂಡು ಬರೆದೆ. ಅವರು, ಆ ವಸ್ತು ಮಾರಾಟದಲ್ಲೇ ಇರಲಿಲ್ಲ ಎನ್ನುತ್ತಿದ್ದಾರೆ. ನನ್ನ ಕಚೇರಿಗೆ ಬರುತ್ತಾರೆಯೇ ಕೇಳಿ.

ಗುಜರಿ ಗಣಪ
ಹಾಗಾದರೆ ಹಳೆಯ ಪುಸ್ತಕದ ನಡುವೆ ನನಗೆ ಸಿಕ್ಕ ನೂರರ ನೋಟುಗಳನ್ನೆಲ್ಲ ಹುಡುಕಿಕೊಂಡು ಹೋಗಿ ಕೊಡಬೇಕೇ?

ಮಲೆನಾಡು ಮಳೆ
ಕೊಡಬೇಕು! ಇಷ್ಟು ದಿನ ಕೊಡಲಿಲ್ಲವೇ?!

ಗುಜರಿ ಗಣಪ
ಗಿರಾಕಿ ಬಂದಿದ್ದಾನೆ.

ಉಳ್ಳಾಲದ ಅಲೆ
1,10,000ದಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಹೋಯಿತು ಎಂದು ವಿಚಾರಿಸಿದಿರಾ?

ಕುಡ್ಲದ ಕಾಸು
ವಿಚಾರಿಸಲಿಲ್ಲ. ಚೆಕ್ಕನ್ನು ದೊಡ್ಡ ಮಗಳೇ ತೆಗೆದು ಕೈಚೀಲಕ್ಕೆ ಹಾಕಿಕೊಂಡರು, ನಾಳೆ ಬ್ಯಾಂಕಿಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಪಾಸ್‌ಬುಕ್ಕು ಮತ್ತು ಲಕೋಟೆಗಳನ್ನೂ ವಾಪಸು ಕೇಳಿದ್ದಾರೆ, ನಾಳೆ ಒಯ್ದು ಕೊಡುತ್ತೇನೆ.

ಅಂಚೆಯಣ್ಣ
ಲಕೋಟೆಗಳನ್ನು ಕೊಡುವ ಮೊದಲು ಅಂಚೆಚೀಟಿಗಳನ್ನು ಒಮ್ಮೆ ನೋಡಿದ್ದೀರಾ?

ಕುಡ್ಲದ ಕಾಸು
ಇಲ್ಲ. ನೋಡುವುದೂ ಇಲ್ಲ.

ಅಂಚೆಯಣ್ಣ
ಫೋಟೋ ಹಾಕಿ, ನಾನು ನೋಡುತ್ತೇನೆ. ಕಮಿಷನ್ ಬೇಡ.